ಕೋಪಾಲಿಸ್ ಹೊಳೆಯ ಸತ್ತ ಕಾಡು

ಸಿಯಾಟಲ್‌ನಿಂದ ಪೆಸಿಫಿಕ್ ಕಡಲಂಚಿನವರೆಗೆ ಕಾರು, ಅಲ್ಲಿಂದ ಮುಂದೆ ದೋಣಿ. ಉಬ್ಬರದ ನೀರು ಒಳನುಗ್ಗುವ ಹೊತ್ತಿಗೆ ಹುಟ್ಟು ಹಾಕಿದರೆ ಕೋಪಾಲಿಸ್ ಹೊಳೆಯಲ್ಲಿ ಸಲೀಸಾಗಿ ಮೇಲಕ್ಕೆ ಸಾಗಬಹುದು. ಒಂದು ತಿರುವು ದಾಟಿದ್ದೇ ತಡ, ಜೌಗು ಹುಲ್ಲಿನ ನಡುವೆ ಕೆಂಪು ಸೀಡರ್ ಮರಗಳು ಕಂಡವು. ಎಲೆಯಿಲ್ಲ, ತೊಗಟೆಯಿಲ್ಲ, ಬೂದುಬಣ್ಣದ ಬರೀ ಕಾಂಡಗಳು. ಸತ್ತು ಮುನ್ನೂರು ವರ್ಷ ದಾಟಿದರೂ ನಿಂತೇ ಇವೆ!

ದೋಣಿಯನ್ನು ದಡಕ್ಕೆ ಒತ್ತಿ ಮಣ್ಣು ನೋಡಿದೆ. ಕೆಳಗೆ ಕಾಡಿನ ಕಪ್ಪು ಮಣ್ಣು, ಅದರ ಮೇಲೆ ಉಬ್ಬರ ತಂದ ಕೆಸರು. ನೆಲ ಒಮ್ಮೆಲೇ ಕುಸಿದು ಬೇರಿಗೆ ಉಪ್ಪುನೀರು ನುಗ್ಗಿತ್ತು. ಕಾಂಡದ ಹೊರಪದರ ಗಾಳಿಮಳೆಗೆ ಸವೆದುಹೋಗಿದೆ; ಕೆಸರಲ್ಲಿ ಹೂತ ಬೇರುಗಳಲ್ಲಿ ಮಾತ್ರ ತೊಗಟೆ ಉಳಿದಿತ್ತು. ಈ ಕರಾವಳಿಯ ಅಂಥ ಬೇರುಗಳ ಕೊನೆಯ ಉಂಗುರ 1699ರದು.

ಅತ್ತ ಜಪಾನಿನ ಕಡತಗಳಲ್ಲಿ 1700ರ ಜನವರಿಯ ಕೊನೆಗೆ ಬಂದ ಒಂದು ಅನಾಥ ಸುನಾಮಿಯ ದಾಖಲೆಯಿದೆ. ಮನೆಗಳು ಕೊಚ್ಚಿಹೋದವು, ಗದ್ದೆಗಳು ಮುಳುಗಿದವು. ಆದರೆ ನೆಲ ನಡುಗಿದ್ದು ಯಾರಿಗೂ ಗೊತ್ತಿಲ್ಲ.

ಈ ಎರಡನ್ನೂ ಬೆಸೆದದ್ದು ಕಂಪ್ಯೂಟರ್. ಭೂಕಂಪ ವಿಜ್ಞಾನಿ ಕೆಂಜಿ ಸತಾಕೆ ಮತ್ತು ಸಂಗಡಿಗರು ಪೆಸಿಫಿಕ್‌ನ ಆಳವನ್ನೆಲ್ಲ ಅದಕ್ಕೆ ಉಣಿಸಿ, ಅಮೆರಿಕದ ಅಂಚಿನ ಕ್ಯಾಸ್ಕೇಡಿಯಾ ಬಿರುಕನ್ನು ಅದರೊಳಗೇ ಸರಿಸಿದರು. ನಾಲ್ಕು ಸಾವಿರ ಮೀಟರ್ ಆಳದ ನೀರಲ್ಲಿ ಸುನಾಮಿ ಗಂಟೆಗೆ ಏಳುನೂರು ಕಿಲೋಮೀಟರ್ ಮೀರಿ ಓಡುತ್ತದೆ. ಜಪಾನ್ ಮುಟ್ಟಲು ಹತ್ತು ಗಂಟೆ ಸಾಕು. ಹಿಂದಕ್ಕೆ ಎಣಿಸಿದರೆ ಇಲ್ಲಿ ನೆಲ ನಡುಗಿದ್ದು 1700ರ ಜನವರಿ 26ರ ರಾತ್ರಿ ಸುಮಾರು 9 ಗಂಟೆಗೆ! ಬಿರುಕಿನ ಉದ್ದಗಲ ಬದಲಿಸುತ್ತ ಮತ್ತೆ ಮತ್ತೆ ಅಲೆ ಎಬ್ಬಿಸಿ ನೋಡಿದರು. ಸಣ್ಣ ಬಿರುಕಿನ ಅಲೆ ಕಡತದ ಎತ್ತರಕ್ಕೆ ಏರಲಿಲ್ಲ. ಸುಮಾರು 1,100 ಕಿಲೋಮೀಟರ್ ಉದ್ದಕ್ಕೂ ಬಿರುಕು ಜಾರಿ, ತೀವ್ರತೆ 9ರ ಆಸುಪಾಸು ಮುಟ್ಟಿದಾಗ ಲೆಕ್ಕ ಕೂಡಿಬಂತು.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇನ್ನೊಂದು. ಚಳಿಗಾಲದ ರಾತ್ರಿ ನೆಲ ನಡುಗಿ ಪಚೀನಾ ಕೊಲ್ಲಿಯ ಊರನ್ನು ಕಡಲು ನುಂಗಿದ ಕಥೆಯನ್ನು ವ್ಯಾಂಕೂವರ್ ದ್ವೀಪದ ಮೂಲನಿವಾಸಿಗಳು ತಲೆಮಾರುಗಳಿಂದ ಹೇಳುತ್ತಲೇ ಬಂದಿದ್ದರು. ಕಂಪ್ಯೂಟರಿನ ಉತ್ತರವೂ ಚಳಿಗಾಲದ ರಾತ್ರಿಯೇ.

ಆ ಬಿರುಕು ಈಗಲೂ ಬಿಗಿದುಕೊಂಡೇ ಇದೆ. ಕೋಪಾಲಿಸ್‌ನಿಂದ ದಕ್ಷಿಣಕ್ಕೆ, ವೆಸ್ಟ್‌ಪೋರ್ಟ್‌ನಲ್ಲಿ, ಸುನಾಮಿ ಬಂದರೆ ಸುಮಾರು ಸಾವಿರ ಮಂದಿ ಚಾವಣಿ ಹತ್ತಿ ನಿಲ್ಲುವಂಥ ಶಾಲಾ ಕಟ್ಟಡವೊಂದನ್ನು 2016ರಲ್ಲಿ ಕಟ್ಟಿ ಮುಗಿಸಿದ್ದಾರೆ.