ಹಲ್ಲು ಎಣಿಸಿ ಕೊಂಡ ಪದ್ಮಿನಿ

ಸಿದ್ಧಗಂಗೆಯ ದನದ ಜಾತ್ರೆಯಲ್ಲಿ ನಮ್ಮ ತಾತ ಎತ್ತು ನೋಡುವುದೇ ಒಂದು ನಾಟಕ. ಮೊದಲು ದೂರ ನಿಂತು ಬೀಡಿ ಹಚ್ಚುವರು. ಬೇಕಾದ ಎತ್ತಿನ ಕಡೆ ಕಣ್ಣೇ ಹಾಯಿಸದೆ ಪಕ್ಕದ ಜೋಡಿಯವನ ಹತ್ತಿರ ಮಳೆ ಬೆಳೆ ವಿಚಾರಿಸುವರು. ಆಮೇಲೆ ಯಾವುದೋ ನೆಪದಲ್ಲಿ ಬಂದು, ಬಾಯಿ ಬಿಡಿಸಿ, ಹಲ್ಲು ಎಣಿಸಿ, "ನಾಲ್ಕು ಹಲ್ಲು ಅಂದ್ಯಲ್ಲಯ್ಯಾ, ಇದು ಬಾಯಿಗೂಡೈತೆ" ಎಂದು ನಗುವರು. ಸುಳಿ ನೋಡಿ, ಗೊರಸು ಎತ್ತಿ ನೋಡಿ, ಹತ್ತು ಹೆಜ್ಜೆ ನಡೆಸಿ ನೋಡಿ, ಕಡೆಗೆ ಟವೆಲ್ಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿಯುವರು. ಮನೆಗೆ ಬರುವಾಗ ನನಗೆ ಒಂದು ಮಾತು ಹೇಳುತ್ತಿದ್ದರು: "ಐಬಿಲ್ಲದ ಎತ್ತನ್ನ ಯಾವನೂ ಜಾತ್ರೆಗೆ ತರಲ್ಲ ಮಗ. ಐಬು ಹೇಳಿ ಮಾರೋನ ಹತ್ರ ತಗೋಬೇಕು."

ಈ ವಿದ್ಯೆ ನನಗೆ ಉಪಯೋಗಕ್ಕೆ ಬಂದದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ. ಎತ್ತು ಕೊಳ್ಳುವಾಗ ಅಲ್ಲ, ಕಾರು ಕೊಳ್ಳುವಾಗ.

ಲೈಸೆನ್ಸು ಬಂದು ವರ್ಷವಾಗಿತ್ತು. ಬೆಂಗಳೂರಿನ ಕೆಲಸದಲ್ಲಿ ಉಳಿಸಿದ ಒಂದೂವರೆ ಲಕ್ಷ ಬ್ಯಾಂಕಿನಲ್ಲಿತ್ತು. ಜೊತೆಯವರೆಲ್ಲ ಕಂತಿನಲ್ಲಿ ಹೊಸ ಕಾರು ಕೊಂಡು, ಅದರ ಪರದೆಯ ಮೇಲೆ ಬೆರಳಾಡಿಸುತ್ತ ಓಡಾಡುತ್ತಿದ್ದರು. ನನಗೋ ಹಳೇ ಕಾರಿನ ಹುಚ್ಚು. ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಕಾರುಗಳ ಮುಂದೆ ಒಂದು ಇಡೀ ಭಾನುವಾರ ಕಳೆದು ಬಂದ ಮೇಲಂತೂ ಅದು ಜ್ವರವೇ ಆಯಿತು. ಆದರೆ ನನಗೆ ಬೇಕಾದದ್ದು ಗಾಜಿನಾಚೆ ನಿಲ್ಲುವ ಕಾರಲ್ಲ. ಮಳೆಯಲ್ಲಿ ನೆನೆಯುವ, ಅಂಗಡಿಗೆ ಹೋಗುವ, ಹಬ್ಬಕ್ಕೆ ಊರಿಗೆ ಕರೆದೊಯ್ಯುವ ಕಾರು.

ಕನಸಿಗೆ ಖರ್ಚಿಲ್ಲವಾದ್ದರಿಂದ ಮೊದಲು ಕಾಂಟೆಸ್ಸಾ ಕಂಡೆ. ಉದ್ದನೆಯ ಮೂತಿ, ಹಳೇ ಸಿನಿಮಾದ ಖಳನಾಯಕನ ಗತ್ತು. ಆಮೇಲೆ ಲೆಕ್ಕದ ಪುಸ್ತಕ ತೆರೆದೆ. 1500 ಸಿಸಿ ದಾಟಿದ ಕಾರಿಗೆ ಥರ್ಡ್ ಪಾರ್ಟಿ ವಿಮೆಯೇ ವರ್ಷಕ್ಕೆ 7,897 ರೂಪಾಯಿ, ಮೇಲೆ ತೆರಿಗೆ. ಪೆಟ್ರೋಲ್ ಕುಡಿಯುವುದಂತೂ ಮದುವೆ ಮನೆಯಲ್ಲಿ ನೀರು ಖರ್ಚಾದ ಹಾಗೆ. ಅಂಬಾಸಿಡರ್? ಮೂರು ಜನರ ಸಂಸಾರಕ್ಕೆ ಛತ್ರ ಕಟ್ಟಿಸಿದಂತೆ, ಮೇಲಾಗಿ ಅದರೊಳಗೆ ಕೂತರೆ ನಾನು ತಹಸೀಲ್ದಾರರ ಡ್ರೈವರಿನ ಹಾಗೆ ಕಾಣುತ್ತೇನೆ ಎಂದು ಅಮ್ಮನ ಅಭಿಪ್ರಾಯ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಬೊಂಬೆಯಂಥ ಕಾರು. ಬಾನೆಟ್ಟು ರೆಕ್ಕೆಗಳ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಆದರೆ ಅದರ ಬಿಡಿಭಾಗ ಹುಡುಕುವುದು ಇನ್ನೊಂದು ಉದ್ಯೋಗ. 1983ರ ಡಿಸೆಂಬರಿನಲ್ಲಿ 47,500 ರೂಪಾಯಿಗೆ ರಸ್ತೆಗಿಳಿದ ಮಾರುತಿ 800 ಇದ್ದುದರಲ್ಲಿ ಬುದ್ಧಿವಂತರ ಆಯ್ಕೆ. ವಿಮೆ 2,094 ರೂಪಾಯಿ, ಯಾವ ಊರಿನ ಗ್ಯಾರೇಜಿನಲ್ಲೂ ಕಣ್ಣುಮುಚ್ಚಿ ಬಿಚ್ಚುವವರಿದ್ದಾರೆ. ಆದರೆ ಬುದ್ಧಿ ಹೇಳಿದ್ದಕ್ಕೆಲ್ಲ ಮನಸ್ಸು ತಲೆಯಾಡಿಸುತ್ತದೆಯೇ?

ನಡುವೆ ಉಳಿದಳು ಪ್ರೀಮಿಯರ್ ಪದ್ಮಿನಿ. ಮೂಲದಲ್ಲಿ ಇಟಲಿಯ ಫಿಯಟ್ 1100. ಬೊಂಬಾಯಿಯ ಕುರ್ಲಾದಲ್ಲಿ ತಯಾರಾಗಿ ಎಪ್ಪತ್ತರ ದಶಕದಲ್ಲಿ ನಮ್ಮ ಹೆಸರು ಇಟ್ಟುಕೊಂಡದ್ದು. ಹೆಸರು ಬದಲಾದರೂ ನಮ್ಮ ಕಡೆ ಯಾರೂ ಪದ್ಮಿನಿ ಎನ್ನಲಿಲ್ಲ, ಕೊನೆತನಕ 'ಫಿಯೆಟ್ಟು' ಎಂದೇ ಕರೆದರು. ಪ್ರಧಾನಿಯಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿ ಕೊಂಡದ್ದೂ 1964ರ ಮಾದರಿಯ ಫಿಯಟ್ಟೇ. ಬೆಲೆ 12,000, ಕೈಯಲ್ಲಿದ್ದದ್ದು 7,000, ಉಳಿದ 5,000ಕ್ಕೆ ಬ್ಯಾಂಕ್ ಸಾಲ. ಅವರು ತೀರಿಕೊಂಡ ಮೇಲೆ ಸಾಲ ತೀರಿಸಿದ್ದು ಅವರ ಪತ್ನಿ, ಪಿಂಚಣಿಯಲ್ಲಿ. ಈ ಕಥೆ ಹೇಳಿ ಅಪ್ಪನನ್ನು ಒಪ್ಪಿಸಲು ಹೋದೆ. "ನೋಡು, ಆ ಕಾರು ಕೊಂಡ್ರೆ ಸಾಲ ಹೆಂಡ್ತಿ ಮೇಲೆ ಬರುತ್ತೆ" ಎಂದರು ಅಪ್ಪ.

1089 ಸಿಸಿಯ ನಾಲ್ಕು ಸಿಲಿಂಡರು, ವಿಮೆ 3,416. ಐವತ್ತು ವರ್ಷ ದಾಟಿದ ಕಾರನ್ನು 'ವಿಂಟೇಜ್' ಎಂದು ನೋಂದಾಯಿಸಿದರೆ ದಿನನಿತ್ಯ ಓಡಿಸುವ ಹಾಗಿಲ್ಲ. ಆದ್ದರಿಂದ ಎಂಬತ್ತರ ದಶಕದ್ದು ಸಾಕು ಎಂದು ತೀರ್ಮಾನಿಸಿದೆ. ಎಂಜಿನ್ ಬಗ್ಗೆ ಗ್ಯಾರೇಜಿನ ಮೇಸ್ತ್ರಿಗೆ ಚಿಂತೆಯೇ ಇರಲಿಲ್ಲ. "ಎಂಜಿನ್ನು ಬಿಡಿ ಅಣ್ಣ, ಬೋರ್ ಮಾಡಿ ಪಿಸ್ಟನ್ ಹಾಕ್ಬೋದು, ಜೆ.ಸಿ. ರೋಡಲ್ಲಿ ಎಲ್ಲಾ ಸಿಗುತ್ತೆ. ಬಾಡಿ ನೋಡ್ಕೊಳ್ಳಿ. ಇದಕ್ಕೆ ಲಾರಿ ಥರ ಬೇರೆ ಚಾಸಿ ಇಲ್ಲ, ಬಾಡಿನೇ ಬೆನ್ನುಮೂಳೆ. ತುಕ್ಕು ಹಿಡಿದ್ರೆ ಬೆನ್ನುಮೂಳೆಗೇ ಹಿಡಿದಂಗೆ." ಕೈಗೆ ಒಂದು ಆಯುಧವನ್ನೂ ಕೊಟ್ಟ: ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಕಾಲುಚೀಲದೊಳಗೆ ಕಟ್ಟಿದ್ದು.

ಮೊದಲ ಕಾರು ಕರಾವಳಿಯ ಕಡೆಯದು. ಕುಂಕುಮದಂಥ ಕೆಂಪು, ಬಂಪರಿನಲ್ಲಿ ಮುಖ ನೋಡಿ ಕ್ರಾಪು ತೆಗೆಯಬಹುದು. ನನ್ನ ಜೊತೆ ಬಂದಿದ್ದ ತಾತ ದೂರ ನಿಂತು ಬೀಡಿ ಹಚ್ಚಿದರು. ನಾನು ಅಯಸ್ಕಾಂತವನ್ನು ಬಾನೆಟ್ಟಿನ ಮೇಲಿಟ್ಟೆ, ಟಪ್ಪನೆ ಹಿಡಿಯಿತು. ಬಾಗಿಲಿನ ಮೇಲ್ಭಾಗ, ಹಿಡಿಯಿತು. ಬಾಗಿಲ ಕೆಳ ಅಂಚಿಗೆ ತಂದೆ. ಕಾಲುಚೀಲ ಸದ್ದಿಲ್ಲದೆ ಜಾರಿ ನೆಲಕ್ಕೆ ಬಿತ್ತು. ಎತ್ತಿ ಮತ್ತೆ ಇಟ್ಟೆ, ಮತ್ತೆ ಬಿತ್ತು. ಚಕ್ರದ ಮೇಲಿನ ಕಮಾನಿನಲ್ಲೂ ಅದೇ. ತಗಡು ಇರಬೇಕಾದ ಕಡೆ ಬರೀ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಒಳಗಿನ ಮ್ಯಾಟು ಎತ್ತಿದರೆ ನೆಲದಲ್ಲಿ ಒಂದು ತೂತು, ಅದರೊಳಗಿಂದ ಅಂಗಳದ ಗರಿಕೆ ನಮ್ಮನ್ನೇ ನೋಡುತ್ತಿತ್ತು. "ಹಲ್ಲು ಕಟ್ಟಿಸಿದ್ದಾರೆ" ಎಂದರು ತಾತ.

ಎರಡನೆಯದು ದಾವಣಗೆರೆ ಸೀಮೆಯದು. ಒಣ ಹವೆಯಲ್ಲಿ ಬಾಳಿದ ಕಾರು, ತುಕ್ಕು ಹೆಸರಿಗೂ ಇಲ್ಲ. ಅಯಸ್ಕಾಂತ ಎಲ್ಲಿಟ್ಟರೂ ಅಂಟಿ ಕೂರುತ್ತಿತ್ತು. ರೇಡಿಯೇಟರಿನ ಮುಚ್ಚಳ ತೆಗೆದೆ, ನೀರು ತಿಳಿಯಾಗಿತ್ತು. ಚಹಾದ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ಆಯಿಲ್ ಸೇರಿದೆ ಎಂದರ್ಥ. ಎಂಜಿನ್ ರೇಸ್ ಮಾಡಿಸಿ ಹಿಂದೆ ನಿಂತೆ. ನೀಲಿ ಹೊಗೆ ಇಲ್ಲ, ಅಂದರೆ ಆಯಿಲ್ ಸುಡುತ್ತಿಲ್ಲ. ಎಲ್ಲ ಸರಿ ಎಂದು ಆರ್‌ಸಿ ಕೇಳಿದರೆ ಹೆಸರು ಇನ್ನೂ ತೀರಿಹೋದ ಅಜ್ಜನದೇ. ವಾರಸುದಾರರು ಐದು ಜನ, ಅವರಲ್ಲಿ ಇಬ್ಬರಿಗೆ ಪರಸ್ಪರ ಮಾತಿಲ್ಲ. ಹಳೇ ಕಾರಿನಲ್ಲಿ ತುಕ್ಕು ಹಿಡಿಯುವುದು ತಗಡಿಗೆ ಮಾತ್ರವಲ್ಲ, ಕಾಗದಕ್ಕೂ ಹಿಡಿಯುತ್ತದೆ. ಚಾಸಿ ನಂಬರು, ಎಂಜಿನ್ ನಂಬರು, ಆರ್‌ಸಿ ಮೂರೂ ತಾಳೆಯಾಗಬೇಕು. ಜೊತೆಗೆ ನೋಂದಣಿ ನವೀಕರಣದ ಶುಲ್ಕ: 600 ಇದ್ದದ್ದು 2022ರಲ್ಲಿ 5,000 ಆಯಿತು, 2025ರಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 10,000. ಕಾರಿನ ಬೆಲೆಯಷ್ಟೇ ಕೇಳಿ ಕುಣಿಯುವವರು ಈ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಕ್ಷೇಮ.

ಮೂರನೆಯದು ತಿಪಟೂರಿನ ಹತ್ತಿರ, ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ. 1987ರದು, ಕೆ.ಎ. ಬರುವ ಮುಂಚಿನ ಮೂರಕ್ಷರದ ನಂಬರು. ಬಣ್ಣ ಮಾಸಿದ ಕೆನೆ, ತೆಂಗಿನ ಗರಿಯ ಚಪ್ಪರದ ಕೆಳಗೆ ನಿಂತಿತ್ತು. ನಾನು ಕಾಲುಚೀಲ ತೆಗೆಯುವ ಮುಂಚೆಯೇ ಮೇಷ್ಟ್ರು ಹಾಜರಿ ಕರೆಯುವ ದನಿಯಲ್ಲಿ ಶುರುಮಾಡಿದರು. "ಎಡಗಡೆ ಹಿಂದಿನ ಬಾಗಿಲು ಎತ್ತಿ ಹಾಕಬೇಕು. ಪೆಟ್ರೋಲ್ ಮುಳ್ಳು ಸುಳ್ಳು ಹೇಳುತ್ತೆ, ಅರ್ಧ ಅಂದ್ರೆ ಕಾಲು ಅಂತ ತಿಳ್ಕೊಳ್ಳಿ. ಡಿಕ್ಕಿ ನೆಲದಲ್ಲಿ ಪ್ಯಾಚ್ ಹಾಕ್ಸಿದೀನಿ, ಬಗ್ಗಿ ನೋಡಿ. ಬೇಸಿಗೇಲಿ ಎಂಜಿನ್ ಕಾದ್ರೆ ಪೆಟ್ರೋಲ್ ಎಳೆಯಲ್ಲ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಬೇಕು."

ತಾತ ಬೀಡಿ ಹಚ್ಚಲಿಲ್ಲ. ನೇರ ಬಂದು ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, ಎತ್ತಿನ ಹಿಣಿಲು ತಟ್ಟುವ ಹಾಗೆ ಎರಡು ಸಲ ತಟ್ಟಿದರು.

ಓಡಿಸಿ ನೋಡಲು ಕೂತೆ. ಮುಂದೆ ಉದ್ದಕ್ಕೂ ಒಂದೇ ಬೆಂಚಿನಂಥ ಸೀಟು. ಗೇರಿನ ಕೋಲು ಸ್ಟೇರಿಂಗಿನ ಪಕ್ಕದಲ್ಲಿ. ಮೊದಲ ಗೇರು ಎಲ್ಲಿ ಅಡಗಿದೆ ಎಂದು ನಾನು ತಡಕಾಡುವಾಗ ಪಕ್ಕದಲ್ಲಿ ಮೇಷ್ಟ್ರು ಸುಮ್ಮನೆ ಕೂತಿದ್ದರು, ಮಗ್ಗಿ ಮರೆತ ಹುಡುಗನಿಗೆ ನೆನಪಾಗಲಿ ಎಂದು ಕಾಯುವವರ ಹಾಗೆ. ಸಿಕ್ಕಿತು. ಬಾಗಿಲ ಗಾಜಿನ ಮುಂದಿನ ಆ ಪುಟ್ಟ ತ್ರಿಕೋನ ಗಾಜನ್ನು ಓರೆ ಮಾಡಿದೆ. ತೋಟದ ಗಾಳಿ ಸೀದಾ ಎದೆಗೆ ಬಂತು. ಬ್ರೇಕು ನಾಲ್ಕೂ ಚಕ್ರಕ್ಕೆ ಡ್ರಮ್ಮು. ಮೆಟ್ಟಿದ ಕೂಡಲೇ ನಿಲ್ಲುವ ಜಾತಿಯಲ್ಲ, ಮುಂಚೆಯೇ ಹೇಳಿ ಇಡಬೇಕು. ಪವರ್ ಸ್ಟೇರಿಂಗ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಸೀಟ್ ಬೆಲ್ಟೂ ಇರಲಿಲ್ಲ. ಆಮೇಲೆ ನಾನೇ ಹಾಕಿಸಿದೆ. ನನ್ನ ವಯಸ್ಸಿನವರಿಗೆ ಈ ಕಾರು ಕಲಿಸುವ ಮೊದಲ ಪಾಠ ಇದೇ: ಮುಂದಿನ ಗಾಡಿಯಿಂದ ದೂರವಿರು, ಎಪ್ಪತ್ತು ದಾಟಬೇಡ, ನಿನ್ನನ್ನು ಕಾಪಾಡಲು ಇಲ್ಲಿ ನಿನ್ನನ್ನು ಬಿಟ್ಟರೆ ಯಾರೂ ಇಲ್ಲ.

ವ್ಯಾಪಾರ ತೊಂಬತ್ತು ಸಾವಿರಕ್ಕೆ ಕುದುರಿತು. ಉಳಿದ ಅರವತ್ತನ್ನು ನಾನು ಮುಟ್ಟಲಿಲ್ಲ, ಅದು ಕಾರಿನದೇ ಪಾಲು. ಅದರಲ್ಲಿ ಟಯರು, ಬ್ರೇಕಿನ ಕೆಲಸ, ವೈರಿಂಗು ಮುಗಿದವು. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರು ತಡೆಯುವುದಿಲ್ಲವೆಂದು ಪೈಪುಗಳನ್ನೆಲ್ಲ ಮೇಸ್ತ್ರಿ ಬದಲಿಸಿದ. ಅಗ್ಗದ ಹಳೇ ಕಾರು ಎಂದರೆ ಕಡಿಮೆ ಬೆಲೆಗೆ ಸಿಕ್ಕಿದ್ದಲ್ಲ, ಕೆಟ್ಟರೆ ನಮ್ಮ ಬೀದಿಯಲ್ಲೇ ರಿಪೇರಿಯಾಗುವಂಥದ್ದು ಎಂಬುದು ಆ ಅರವತ್ತು ಸಾವಿರ ಕಲಿಸಿದ ಎರಡನೇ ಪಾಠ.

ಮೊದಲ ಬೇಸಿಗೆಯಲ್ಲೇ ಕುಣಿಗಲ್ ಹತ್ತಿರ ಮಧ್ಯಾಹ್ನದ ಬಿಸಿಲಿಗೆ ಕಾರು ಕೆಮ್ಮಿ ನಿಂತಿತು. ಗಾಬರಿಯಾಗಬೇಕಿತ್ತು, ಆಗಲಿಲ್ಲ. ಮೇಷ್ಟ್ರು ಹೇಳಿದ್ದರಲ್ಲ! ಟವೆಲ್ ಒದ್ದೆ ಮಾಡಿ ಪಂಪಿನ ಮೇಲೆ ಸುತ್ತಿ, ಎದುರಿನ ಅಂಗಡಿಯಲ್ಲಿ ಒಂದು ಟೀ ಕುಡಿದೆ. ಲೋಟ ಖಾಲಿಯಾಗುವಷ್ಟರಲ್ಲಿ ಕಾರೂ ತಣ್ಣಗಾಗಿತ್ತು. ಗೊತ್ತಿರುವ ಐಬು ಐಬಲ್ಲ, ಅದು ಬರೀ ಅಭ್ಯಾಸ.

ಅದೇ ಟೀ ಅಂಗಡಿಯಲ್ಲಿ ಒಬ್ಬರು ಕಾರಿನ ಸುತ್ತ ಎರಡು ಸುತ್ತು ಬಂದು, "ನಮ್ಮ ದೊಡ್ಡಪ್ಪಂದು ಇಂಥದ್ದೇ ಇತ್ತು. ಕೊಡ್ತೀರಾ?" ಎಂದು ಕೇಳಿದರು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅದ್ಯಾಕೋ ನನ್ನ ಬಾಯಿಂದ ತಾನಾಗಿ ಹೊರಟಿತು: "ಎಡಗಡೆ ಹಿಂದಿನ ಬಾಗಿಲು ಎತ್ತಿ ಹಾಕಬೇಕು. ಪೆಟ್ರೋಲ್ ಮುಳ್ಳು ಸುಳ್ಳು ಹೇಳುತ್ತೆ. ಡಿಕ್ಕೀಲಿ ಪ್ಯಾಚ್ ಇದೆ. ವೈಪರ್ ಒಂದೇ ಕಡೆ ಒರೆಸುತ್ತೆ..." ಮೇಷ್ಟ್ರ ಪಟ್ಟಿಗೆ ನಾನು ಸೇರಿಸಿದ್ದೇ ಐದಾರು ಇದ್ದವು. ಅವರು ಕೊನೆತನಕ ಕೇಳಿಸಿಕೊಂಡು, "ಇಷ್ಟು ಐಬು ಹೇಳ್ತಿದ್ದೀರಿ ಅಂದ್ರೆ ಮಾರೋ ಮನಸ್ಸಿದೆ ಅಂತಾಯ್ತು" ಎಂದರು.

ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ತಾತ ಕಣ್ಣು ಬಿಡದೆಯೇ ಹೇಳಿದರು: "ಮಾರೋದಾಗಿದ್ರೆ ಇಷ್ಟು ಖುಷಿಯಾಗಿ ಹೇಳ್ತಿರಲಿಲ್ಲ ಸ್ವಾಮಿ."