ಬೆಳ್ಳಿ ಒರೆಯ ಚೂರಿ

ಹಳೆಯ ಸಾಮಾನಿನ ಹುಚ್ಚು ಹತ್ತಿದವನಿಗೆ ಪರದೇಶಕ್ಕೆ ಹೋದರೂ ಬಿಡುಗಡೆಯಿಲ್ಲ. ಮಗಳು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಕೆಲಸದಲ್ಲಿದ್ದಾಳಲ್ಲ, ನೋಡಿಬರೋಣವೆಂದು ಹೋದ ನಾನು, ಅರಮನೆ ಉದ್ಯಾನಗಳನ್ನೆಲ್ಲ ಮಡದಿಯ ಪಾಲಿಗೆ ಬಿಟ್ಟು, ಮಗಳನ್ನು ಎಳೆದುಕೊಂಡು ಇನ್ಸಾದೊಂಗ್ ಬೀದಿಗೆ ಹೊರಟೆ. ಕುಂಚ, ಕಾಗದ, ಪಿಂಗಾಣಿ, ಹಳೆಯ ಸಾಮಾನುಗಳಿಗೆ ಹೆಸರಾದ ಬೀದಿ ಅದು. ಅಲ್ಲಿಯ ಒಂದು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಆ ಚೂರಿ ಮಲಗಿತ್ತು.

ಚೂರಿಯೆಂದೊಡನೆ ಓದುಗರು ಬೆಚ್ಚಬೇಕಾಗಿಲ್ಲ. ನನ್ನ ಗೇಣಿನಷ್ಟೂ ಉದ್ದವಿಲ್ಲ. ಹಿಡಿ, ಒರೆ ಎರಡೂ ಬೆಳ್ಳಿ. ಎರಡೂ ಒಂದೇ ದಪ್ಪ. ಮುಚ್ಚಿಟ್ಟರೆ ಹೂಬಳ್ಳಿ ಕೊರೆದ ಒಂದು ಬೆಳ್ಳಿಯ ಕೊಳವೆ, ಅಷ್ಟೆ. ಇದಕ್ಕೆ ಅವರ ಭಾಷೆಯಲ್ಲಿ ಜಾಂಗ್‌ದೊ, ಎಂದರೆ ಸಿಂಗರಿಸಿದ ಚೂರಿ, ಎಂದು ಹೆಸರು, ಬೆಳ್ಳಿಯದಾದರೆ ಉನ್‌ಜಾಂಗ್‌ದೊ. ಕೋಡು, ಆಮೆಯ ಚಿಪ್ಪು, ಹಸಿರುಕಲ್ಲು, ಕರಿಮರ ಇವುಗಳಲ್ಲಿಯೂ ಮಾಡುವುದುಂಟು. ಒರೆಯ ಪಕ್ಕದಲ್ಲಿ ಒಂದು ಬಳೆ. ಅದಕ್ಕೆ ರೇಷ್ಮೆಯ ಹುರಿ ಪೋಣಿಸಿ ಗಂಡಸರು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು, ಹೆಂಗಸರು ರವಕೆಯ ಕಟ್ಟಿಗೆ ಇಳಿಬಿಟ್ಟುಕೊಳ್ಳುತ್ತಿದ್ದರು. ಚೊಸೊನ್ ಅರಸರ ಕಾಲದಲ್ಲಿ ಇದರ ಶೋಕಿ ಎಷ್ಟು ಹಬ್ಬಿತೆಂದರೆ, ಸಾಮಾನ್ಯರು ಬೆಳ್ಳಿಯ ಚೂರಿ ಕಟ್ಟಬಾರದೆಂದು 1498ರಲ್ಲಿ ಅರಮನೆಯಿಂದಲೇ ಆಜ್ಞೆ ಹೊರಟಿತು. 1670ರಲ್ಲಿ ಮತ್ತೆ ಅಂಥದೇ ಆಜ್ಞೆ ಹೊರಡಿಸಬೇಕಾಯಿತೆಂದರೆ ಮೊದಲನೆಯದರ ಗತಿ ಏನಾಗಿತ್ತೆಂದು ಊಹಿಸಬಹುದು.

ನಾನು ಕಂಡ ಚೂರಿಯ ಒರೆಗೆ ಎರಡು ಬೆಳ್ಳಿಯ ಕಡ್ಡಿಗಳನ್ನೂ ಸಿಕ್ಕಿಸಿತ್ತು. ಊಟದ ಕಡ್ಡಿ. ಪರಸ್ಥಳದಲ್ಲಿ ಉಣ್ಣುವಾಗ ಅನ್ನಕ್ಕೆ ವಿಷ ಬೆರೆತಿದ್ದರೆ ಬೆಳ್ಳಿ ಕಪ್ಪಾಗಿ ಗುಟ್ಟು ಹೇಳುವುದೆಂದು ನಂಬಿಕೆ. ಬೆಳ್ಳಿಯನ್ನು ಕಪ್ಪು ಮಾಡುವುದು ಗಂಧಕ. ಆ ಕಾಲದ ಪಾಷಾಣದಲ್ಲಿ ಅದರ ಬೆರಕೆ ಇರುತ್ತಿತ್ತು. ಬೇಯಿಸಿದ ಕೋಳಿಮೊಟ್ಟೆಯಲ್ಲಿಯೂ ಇರುತ್ತದೆ. ಮೊಟ್ಟೆಯ ದೆಸೆಯಿಂದ ಎಷ್ಟು ಮಂದಿ ಬಡಪಾಯಿ ಅಡಿಗೆಯವರು ಪೆಟ್ಟು ತಿಂದರೋ!

ಅಂಗಡಿಯವನು ಧ್ವನಿ ತಗ್ಗಿಸಿ ಎರಡು ಮಾತು ಹೇಳಿದ. ಮಗಳು ಕನ್ನಡ ಮಾಡಿದಳು. ಒಂದು, ಇದಕ್ಕೆ ನೂರೈವತ್ತು ವರ್ಷ. ಎರಡು, ಇದು ದೊಡ್ಡ ಮನೆತನದ ಹೆಣ್ಣುಮಗಳದು. ಮಾನಕ್ಕೆ ಕುಂದು ಬರುವ ಹೊತ್ತಿಗೆ ಅವಳು ಇರಿಯಬೇಕಾದದ್ದು ಬಂದವನನ್ನಲ್ಲ, ತನ್ನನ್ನೇ. ನನಗೆ ಮೈ ಜುಮ್ಮೆಂದಿತು. ಬೆಲೆ ಕೇಳಿದಾಗ ಇನ್ನೊಮ್ಮೆ ಜುಮ್ಮೆಂದಿತು. ಆದರೂ ಕೊಂಡೆ. ನಿಜ ಹೇಳಬೇಕೆಂದರೆ ಬೆಳ್ಳಿಗೆ ತೆತ್ತದ್ದು ಕಾಲುಪಾಲು, ಕಥೆಗೆ ಮುಕ್ಕಾಲು.

ರಾತ್ರಿ ಊಟಕ್ಕೆ ಕುಳಿತಾಗ ಆ ಕಥೆಯನ್ನು ಉಪ್ಪುಖಾರ ಹಚ್ಚಿ ಮಡದಿಗೆ ಹೇಳುತ್ತಿದ್ದೆ. ಮಗಳು ನಡುವೆ ಬಾಯಿ ಹಾಕಿದಳು:

“ಅಪ್ಪ, ಗಂಡಸರೂ ಇದನ್ನೇ ಕಟ್ಟಿಕೊಳ್ಳುತ್ತಿದ್ದರು ಅಂತ ನೀನೇ ಹೇಳಿದೆ. ಅವರು ಯಾರೂ ಇದರಿಂದ ಸಾಯಬೇಕಾಗಿರಲಿಲ್ಲವಲ್ಲ?”

ನಾನು ಸುಮ್ಮನೆ ಅನ್ನ ಕಲಸುತ್ತ ಕುಳಿತೆ. 1592ರಲ್ಲಿ ಜಪಾನಿನ ಸೇನೆ ಆ ನಾಡಿಗೆ ನುಗ್ಗಿತು. ಯುದ್ಧ ಮುಗಿದದ್ದು 1598ರಲ್ಲಿ. 1617ರಲ್ಲಿ ಅಲ್ಲಿಯ ಆಸ್ಥಾನ ರಾಜನಿಷ್ಠರು, ಸುಪುತ್ರರು, ಪತಿವ್ರತೆಯರು ಇವರ ಕಥೆಗಳನ್ನು ಚಿತ್ರಸಹಿತ ಅಚ್ಚು ಹಾಕಿಸಿತು. ಪತಿವ್ರತೆಯರೇ ಅದರಲ್ಲಿ ನೂರಾರು. ನಾಡನ್ನು ಕಾಯಲಾರದೆ ಹೋದವರಿಗೆ ಇದಕ್ಕಿಂತ ಅನುಕೂಲವಾದ ಪುಸ್ತಕ ಇನ್ನೊಂದಿರಲಾರದು. ಆದರೆ ಈ ಮಾತನ್ನು ಹೇಳುವ ಬಾಯಿ ನನಗೆಲ್ಲಿ? ನಮ್ಮೂರ ಮಾಸ್ತಿಕಲ್ಲಿನ ಮುಂದೆ ನಿಂತು, ಎತ್ತಿದ ಕೈಯ ಬಳೆಗಳನ್ನು ಎಷ್ಟು ನಯವಾಗಿ ಕೆತ್ತಿದ್ದಾರೆಂದು ತಲೆದೂಗಿದವನು ನಾನು.

ಹೊರಡುವ ದಿನ ಬೇರೊಂದು ಪೇಚು. ನಾಡಿನ ಪ್ರಾಚೀನ ವಸ್ತುಗಳನ್ನು ರಕ್ಷಿಸಲು ಅವರು 1962ರಲ್ಲಿಯೇ ಕಾನೂನು ಮಾಡಿದ್ದಾರೆ. ಹಳೆಯದೆಂದು ಕಂಡದ್ದನ್ನು ಪರೀಕ್ಷೆಗೆ ಒಪ್ಪಿಸದೆ ಗಡಿ ದಾಟಿಸುವಂತಿಲ್ಲ. ಇಂಚೋನ್ ವಿಮಾನ ನಿಲ್ದಾಣದಲ್ಲಿ ಅದಕ್ಕೆಂದೇ ತಜ್ಞರಿದ್ದಾರೆ. ಅಂಗಡಿಯವನ ಮಾತು ನಿಜವಾದರೆ ಚೂರಿ ನನ್ನ ಕೈ ಬಿಟ್ಟಿತು; ಸುಳ್ಳಾದರೆ ನಾನು ಮೋಸ ಹೋದೆ. ಯಾವುದಕ್ಕೆಂದು ದೇವರನ್ನು ಪ್ರಾರ್ಥಿಸಲಿ? ಎರಡಕ್ಕೂ ಸ್ವಲ್ಪ ಸ್ವಲ್ಪ ಪ್ರಾರ್ಥಿಸಿದೆ.

ಅಧಿಕಾರಿಯಾಗಿದ್ದ ಹೆಂಗಸು ಅಲಗನ್ನು ಎಳೆದು ನೋಡಿದರು, ಕಡ್ಡಿಗಳನ್ನು ತೆಗೆದು ನೋಡಿದರು, ಒರೆಯ ಬೆಸುಗೆಯ ಮೇಲೆ ಬೆರಳಾಡಿಸಿದರು. “ಈಚಿನದು. ಕೆಲಸ ಅಚ್ಚುಕಟ್ಟಾಗಿದೆ. ಒಯ್ಯಬಹುದು” ಎಂದು ಚೀಟಿ ಬರೆದುಕೊಟ್ಟರು. ಈ ಕಸಬು ಸತ್ತಿಲ್ಲವಂತೆ. 1978ರಲ್ಲಿ ಸರ್ಕಾರ ಇದನ್ನು ನಾಡಿನ ಪರಂಪರೆಯ ಕಲೆಯೆಂದು ಮಾನ್ಯ ಮಾಡಿತು. ದಕ್ಷಿಣದ ಗ್ವಾಂಗ್‌ಯಾಂಗಿನಲ್ಲಿ 2006ರಲ್ಲಿ ಈ ಚೂರಿಗಳದೇ ಒಂದು ವಸ್ತುಸಂಗ್ರಹಾಲಯವೂ ತೆರೆಯಿತು. ಇದೆಲ್ಲ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ನೂರೈವತ್ತು ವರ್ಷ ಒಂದೇ ಏಟಿಗೆ ಹಾರಿಹೋಗಿತ್ತು.

ಮಗಳು ನನ್ನ ಮುಖ ನೋಡಿ ಮೆಲ್ಲನೆ ಅಂದಳು: “ಹಾಗಾದರೆ ಇದರಿಂದ ಯಾರೂ ಸತ್ತಿಲ್ಲ, ಅಪ್ಪ.”

ಕೈಚೀಲದಲ್ಲಿ ಚೂರಿ ಒಯ್ಯಗೊಡುವುದಿಲ್ಲವಾಗಿ, ಅದು ದೊಡ್ಡ ಪೆಟ್ಟಿಗೆಯಲ್ಲಿ ಮಡದಿಯ ಸೀರೆಗಳ ನಡುವೆ ಕುಳಿತು ಬೆಂಗಳೂರಿಗೆ ಬಂತು. ನನ್ನ ಬೀರುವಿನಲ್ಲಿ ಹಳೆಯ ಅಡಕತ್ತರಿಗಳ ಪಕ್ಕದಲ್ಲಿ ಅದಕ್ಕೊಂದು ಜಾಗ ಮಾಡಿದ್ದೆ. ಎಂಟು ದಿನದಲ್ಲಿ ಅದು ಅಲ್ಲಿಂದ ಊಟದ ಮೇಜಿಗೆ ಬಂದು, ಹಣ್ಣಿನ ಬುಟ್ಟಿ ಸೇರಿತು. ಯಾರಾದರೂ ಬಂದು “ಏನಿದು?” ಎಂದರೆ, ಮಡದಿ ಒರೆಯಿಂದ ಅಲಗನ್ನೆಳೆದು ಒಂದು ಸೇಬಿನ ಸಿಪ್ಪೆ ತೆಗೆದು ಹೋಳು ಮಾಡಿ ಕೊಡುತ್ತಾಳೆ. ಜೊತೆಗೆ ನಾನು ಕೊಟ್ಟ ಬೆಲೆಯನ್ನೂ ಹೇಳುತ್ತಾಳೆ.