ಮೂರನೇ ಗೇರಿನ ತಿರುವು

ನನ್ನ ಕಾರಿನ ಎಂಜಿನ್ನಿಗೆ 60 ಅಶ್ವಶಕ್ತಿ. ಅದು ನನಗೆ ಸಾಲಲಿಲ್ಲ. ಯಾಕೆ ಸಾಲಲಿಲ್ಲ ಎಂಬುದನ್ನು ಈವರೆಗೆ ಯಾರ ಮುಂದೆಯೂ ನೆಟ್ಟಗೆ ಹೇಳಿಲ್ಲ. ಬರೆದಾದರೂ ಹೇಳಿಬಿಡಬೇಕು.

ಕಾರು ಸ್ಯಾನ್ ಸ್ಟಾರ್ಮ್. ಈಗಿನ ಹುಡುಗರಿಗೆ ಹೆಸರೂ ಗೊತ್ತಿಲ್ಲ. 1998ರಲ್ಲಿ ಬಂದ ಗಾಡಿ. ರೈಲಿನ ಲೋಕೊಮೋಟಿವ್ ಕಟ್ಟುವ ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಸಂಸ್ಥೆಯ ಬಳಗದ್ದು, ತಯಾರಾದದ್ದು ಗೋವಾದಲ್ಲಿ. ಎರಡೇ ಬಾಗಿಲು, ಎರಡೇ ಸೀಟು, ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಛಾವಣಿ, ಫೈಬರ್‌ಗ್ಲಾಸಿನ ಮೈ. ಎಂಜಿನ್ ಮಾತ್ರ ಫ್ರಾನ್ಸಿನ ರೆನೋದ್ದು, 1149 ಸಿಸಿ. ನಮ್ಮ ದೇಶದಲ್ಲಿ ಇಂಥ ಕಾರು ಮಾಡಲು ಯಾರೋ ಧೈರ್ಯ ಮಾಡಿದ್ದರಲ್ಲ ಎಂಬ ಪ್ರೀತಿಯಿಂದಲೇ ಅದನ್ನು ಕೊಂಡೆ. ಆ ಪ್ರೀತಿ ನಿಜವಾದದ್ದು. ಅದಕ್ಕೆ ಏನು ಬೆರಕೆಯಾಯಿತು ಎಂಬುದೇ ನನ್ನ ಪ್ರಶ್ನೆ.

ರಾಮನಗರದಿಂದ ಮಾಗಡಿ ಕಡೆಗೆ, ಮಂಚನಬೆಲೆ ಸುತ್ತಿ ಸಾವನದುರ್ಗದ ಬಂಡೆ ಕಾಣುವವರೆಗೆ, ಛಾವಣಿ ತೆಗೆದು ಮೂರನೇ ಗೇರಿನಲ್ಲಿ ಹೋದರೆ ಆ 60 ಕುದುರೆಗಳು ಹಾಡಿಕೊಂಡು ಓಡುತ್ತಿದ್ದವು. ಮೊದಲ ವರ್ಷ ಅಷ್ಟೇ ಸಾಕಾಗಿತ್ತು. ಒಂದು ಭಾನುವಾರ ಮೈಸೂರು ಹೆದ್ದಾರಿಯಲ್ಲಿ, ಚನ್ನಪಟ್ಟಣದ ಹತ್ತಿರ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡ ಒಂದು ಡೀಸೆಲ್ ಕಾರು ಪಕ್ಕಕ್ಕೆ ಬಂತು. ಹಿಂದಿನ ಸೀಟಿನ ಹುಡುಗ ಕಿಟಕಿ ಇಳಿಸಿ ನನ್ನ ಗಾಡಿಯ ಫೋಟೋ ತೆಗೆದ, ಕೈ ಬೀಸಿದ. ನಾನು ಬೀಗಿದೆ. ಮರುಗಳಿಗೆಯಲ್ಲಿ ಆ ಕಾರು ನನ್ನನ್ನು ಹಿಂದೆ ಬಿಟ್ಟು ಹೋಯಿತು. ಹುಡುಗನ ಮುಖದ ಬೆರಗು ಇಳಿದದ್ದು ಕಂಡಿತು, ಅಥವಾ ಕಂಡಿತೆಂದು ನಾನು ಅಂದುಕೊಂಡೆ. ಆ ರಸ್ತೆಯಲ್ಲಿ ಕಾರಿಗಿರುವ ಮಿತಿ 100 ಕಿಲೋಮೀಟರ್. ನನ್ನ ಗಾಡಿ ಅದನ್ನು ಸಲೀಸಾಗಿ ಮುಟ್ಟುತ್ತದೆ. ಅಂದರೆ ನಮ್ಮ ಜಿಲ್ಲೆಯ ಯಾವ ರಸ್ತೆಗೂ ಕಾನೂನಿನ ಪ್ರಕಾರ ಆ ಎಂಜಿನ್ ಕಡಿಮೆಯದಲ್ಲ. ಇದು ಆ ದಿನವೂ ನನಗೆ ಗೊತ್ತಿತ್ತು.

ಮಾರನೇ ವಾರ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ನನ್ನ ಮಾತನ್ನು ಪೂರ್ತಿ ಕೇಳಿ, ಮೊದಲು ಕಂಪ್ರೆಷನ್ ಗೇಜು ಹಾಕಿದರು. ಮೂರು ಸಿಲಿಂಡರ್ 170ರ ಆಸುಪಾಸು, ಇನ್ನೊಂದು 125. "ಅಣ್ಣ, ನಿಮ್ ಹತ್ರ ಅರವತ್ತೇ ಇಲ್ಲ. ಮೊದ್ಲು ಕಳಕೊಂಡಿರೋದನ್ನ ವಾಪಸ್ ತರಣ" ಅಂದರು. ಹೆಡ್ ಇಳಿಸಿ ವಾಲ್ವು ಲ್ಯಾಪಿಂಗ್ ಮಾಡಿಸಿ, ಪಿಸ್ಟನ್ ರಿಂಗು, ಟೈಮಿಂಗ್ ಬೆಲ್ಟು, ಕ್ಲಚ್ ಪ್ಲೇಟು ಹೊಸದು ಹಾಕಿದ ಮೇಲೆ ಗಾಡಿ ಬೇರೆಯೇ ಆಯಿತು. ಹಳೆಯ ಕಾರಿನ ಶಕ್ತಿ ಹೆಚ್ಚಿಸಲು ಹೊರಟವರಿಗೆ ನಾನು ಕೈಮುಗಿದು ಹೇಳುವುದು ಇದನ್ನೇ: ಹೊಸ ಸಾಮಾನಿಗೆ ದುಡ್ಡು ಸುರಿಯುವ ಮುಂಚೆ ಸೋರಿ ಹೋದದ್ದೆಷ್ಟು ಎಂದು ಅಳೆಯಿರಿ. ನಾನು ಅಲ್ಲಿಗೇ ನಿಲ್ಲಬಹುದಿತ್ತು.

ನಿಲ್ಲಲಿಲ್ಲ. ರಾತ್ರಿಗಳೆಲ್ಲ ಲೆಕ್ಕದಲ್ಲಿ ಕಳೆದೆ. ಇದೇ ವಂಶದ, ಇದೇ 1149 ಸಿಸಿಯ 16 ವಾಲ್ವಿನ ಎಂಜಿನ್ ರೆನೋದಲ್ಲಿ 75 ಅಶ್ವಶಕ್ತಿ ಕೊಡುತ್ತಿತ್ತು. ಅದನ್ನು ಹೊರದೇಶದಿಂದ ತರಿಸಿದರೆ ಹೇಗೆ? ಎಂಜಿನ್ ಬದಲಾಯಿಸಲು ನೋಂದಣಿ ಪ್ರಾಧಿಕಾರದ ಮುಂಗಡ ಅನುಮತಿ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಟರ್ಬೊ ಕೂರಿಸಿದರೆ ಶಾಖ ಏರುತ್ತದೆ, ಹಳೆಯ ಪಿಸ್ಟನ್ ತಡೆಯುವುದಿಲ್ಲ. ಹೆಡ್ಡನ್ನು ತುಸು ಉಜ್ಜಿಸಿ ಕಂಪ್ರೆಷನ್ ಏರಿಸಬಹುದು, ಹೆಚ್ಚಾದರೆ ಬಂಕಿನ ಮಾಮೂಲಿ ಪೆಟ್ರೋಲಿಗೆ ಎಂಜಿನ್ ನಾಕಿಂಗ್ ಹೊಡೆಯುತ್ತದೆ. ಬರೀ ಏರ್ ಫಿಲ್ಟರು, ಸೈಲೆನ್ಸರು ಬದಲಿಸಿದರೆ ಶಕ್ತಿಗಿಂತ ಸದ್ದೇ ಹೆಚ್ಚು. ಉಳಿದದ್ದು ಕ್ಯಾಮ್‌ಶಾಫ್ಟ್.

ಕ್ಯಾಮಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನನ್ನ ತಪ್ಪು ಇರುವುದೇ ಅಲ್ಲಿ. ವಾಲ್ವುಗಳು ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತು ತೆರೆದಿರಬೇಕೆಂದು ತೀರ್ಮಾನಿಸುವುದು ಕ್ಯಾಮಿನ ಉಬ್ಬು. ಆ ಉಬ್ಬಿನ ಆಕಾರ ಬೇರೆಯಿರುವ ಕ್ಯಾಮ್ ಹಾಕಿಸಿದರೆ ವಾಲ್ವು ಹೆಚ್ಚು ಹೊತ್ತು ತೆರೆದಿರುತ್ತದೆ, ಎಂಜಿನ್ ಜೋರಾಗಿ ಸುತ್ತುವಾಗ ಹೆಚ್ಚು ಗಾಳಿ ಕುಡಿಯುತ್ತದೆ. ಆದರೆ ನಿಧಾನಕ್ಕೆ ಸುತ್ತುವಾಗ ಅದೇ ತೆರೆದ ಬಾಗಿಲಿನಿಂದ ಕುಡಿದದ್ದು ವಾಪಸ್ ಹೋಗುತ್ತದೆ. ಮೇಲೆ ಗಳಿಸಿದ್ದನ್ನು ಕೆಳಗೆ ಕಳೆದುಕೊಳ್ಳಬೇಕು. ಮೇಸ್ತ್ರಿ ಎಚ್ಚರಿಸಿದರು: "ನಾಲ್ಕೂವರೆ ಸಾವ್ರ ಆರ್‌ಪಿಎಂ ದಾಟಿದ್ಮೇಲೇನೇ ಎಳೆಯೋದು. ನಮ್ ಹಳ್ಳಿ ರೋಡ್ಗೆ ಯಾಕಣ್ಣ ಇದು?" ನಾನು ಅದನ್ನೇ ಆರಿಸಿಕೊಂಡೆ. ಗೊತ್ತಿಲ್ಲದೆ ಅಲ್ಲ. ಟ್ಯಾಕೋಮೀಟರಿನ ಮುಳ್ಳು ಮೇಲೇರಿದಾಗ ಗಾಡಿ ಒಮ್ಮೆಲೇ ಚಿಮ್ಮಬೇಕು, ಪಕ್ಕದವನು ತಿರುಗಿ ನೋಡಬೇಕು, ಅದು ನನಗೆ ಬೇಕಿತ್ತು. ಬ್ರೇಕಿಗೆಂದು ತೆಗೆದಿಟ್ಟಿದ್ದ ದುಡ್ಡೂ ಅದಕ್ಕೇ ಹೋಯಿತು. ವಿಮೆಯವರಿಗೆ ಒಂದು ಮಾತೂ ಹೇಳಲಿಲ್ಲ.

ನಮ್ಮಪ್ಪ ರೀಲರ್. ನಲವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದವರು. ಅವರು ಗಾಡಿಯ ಸದ್ದು ಕೇಳಿ ಹೊರಗೆ ಬಂದು, "ಎಷ್ಟಾಯ್ತೋ?" ಅಂದರು. ಅರ್ಧದಷ್ಟನ್ನು ಹೇಳಿದೆ.

ಕ್ಯಾಮ್ ಬದಲಾದ ಮೇಲೆ ನನ್ನ ಓಡಿಸುವ ರೀತಿಯೂ ಬದಲಾಯಿತು. ನಿಧಾನವಾಗಿ ಹೋದರೆ ಎಂಜಿನ್ ಮುಕ್ಕರಿಸುತ್ತಿತ್ತು, ಸಿಗ್ನಲ್ಲಿನಲ್ಲಿ ನಡುಗುತ್ತಿತ್ತು. ಖುಷಿ ಸಿಗುತ್ತಿದ್ದದ್ದು ಮುಳ್ಳು ಮೇಲಿದ್ದಾಗ ಮಾತ್ರ. ಹಾಗಾಗಿ ಅದು ಕೆಳಗಿಳಿಯದಂತೆ ಓಡಿಸಲು ಕಲಿತೆ. ಊರು ಬಂದರೂ, ತಿರುವು ಬಂದರೂ ಕಾಲು ತೆಗೆಯಲು ಮನಸ್ಸು ಬಾರದು.

ಒಂದು ಬೆಳಗ್ಗೆ ಕನಕಪುರದಿಂದ ರಾಮನಗರಕ್ಕೆ ಬರುತ್ತಿದ್ದೆ. ಇನ್ನೂ ಬಿಸಿಲೇರಿರಲಿಲ್ಲ. ಆ ಹೊತ್ತಿನಲ್ಲಿ ಆ ರಸ್ತೆಯ ತುಂಬ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗುವವರು ಎಂದು ನಮ್ಮೂರಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ಎಡಕ್ಕೆ ಹೊರಳುವ ತಿರುವು; ಆಚೆ ಏನಿದೆಯೋ ಕಾಣದು. ಎರಡನೇ ಗೇರಿಗೆ ಇಳಿಸಿ ನಿಧಾನಿಸಬಹುದಿತ್ತು. ಮೂರರಲ್ಲೇ, 80ರ ಹತ್ತಿರ, ನುಗ್ಗಿದೆ. ಮುಂದೆ ಹಸಿರು ಟಿವಿಎಸ್ ಮೊಪೆಡ್, ಹಿಂದೆ ಎರಡು ಗೂಡಿನ ಚೀಲ. ಆ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. 60ರಲ್ಲಿ ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ಒಂದು ಪಾಲಾದರೆ 80ರಲ್ಲಿ ಅರಗಿಸಿಕೊಳ್ಳಬೇಕಾದದ್ದು ಹೆಚ್ಚು ಕಡಿಮೆ ಒಂದು ಮುಕ್ಕಾಲು ಪಾಲು. ಈ ಲೆಕ್ಕ ಮಾಡಿದ್ದು ಆಮೇಲೆ. ಅಶ್ವಶಕ್ತಿಯ ಲೆಕ್ಕದ ರಾತ್ರಿಗಳಲ್ಲಿ ಒಂದು ಸಲವೂ ಇದನ್ನು ಮಾಡಿರಲಿಲ್ಲ.

ಗಾಡಿ ತಾಗಲಿಲ್ಲ. ನಾನು ಬಲಕ್ಕೆ ಎಳೆದೆ, ಆತ ಎಡಕ್ಕೆ ಮಣ್ಣಿಗಿಳಿದ. ಕನ್ನಡಿಯಲ್ಲಿ ನೋಡಿದೆ. ಮೊಪೆಡ್ ವಾಲಿತ್ತು, ಆತ ಕಾಲೂರಿ ನಿಂತಿದ್ದ, ಒಂದು ಚೀಲ ನೆಲಕ್ಕೆ ಬಿದ್ದಿತ್ತು.

ನಾನು ನಿಲ್ಲಿಸಲಿಲ್ಲ.

ಹತ್ತಿರ ಹೋಗಿ "ಪೆಟ್ಟಾಯ್ತಾ ಯಜಮಾನ್ರೇ" ಎಂದು ಕೇಳಲು ಒಂದು ನಿಮಿಷ ಸಾಕಿತ್ತು. ಬಿದ್ದ ಚೀಲದಲ್ಲಿ ಏನಾಗುತ್ತದೆಂದು ರೀಲರ್ ಮಗನಾದ ನನಗೆ ಚೆನ್ನಾಗಿ ಗೊತ್ತು. ಒಂದು ಗೂಡು ಅಪ್ಪಚ್ಚಿಯಾದರೆ ಒಳಗಿನ ಕೋಶ ಒಡೆಯುತ್ತದೆ, ಅದರ ರಸ ಸುತ್ತಲಿನ ಗೂಡುಗಳಿಗೆ ಹತ್ತಿ ಕಲೆಯಾಗುತ್ತದೆ, ಕಲೆಗೂಡಿಗೆ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಆತ ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕಿ, ಹುಳು ರೋಗಕ್ಕೆ ಬೀಳದಂತೆ ಕಾದು ತಂದ ಬೆಳೆ. ನಮ್ಮಪ್ಪ ಚೀಲಕ್ಕೆ ಕೈ ಹಾಕಿ, ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ಬೆಲೆ ಕಟ್ಟುತ್ತಿದ್ದುದನ್ನು ನೋಡಿ ಬೆಳೆದವನು ನಾನು. ನನ್ನ ಫೀಸು, ಬಟ್ಟೆ, ಈ ಕಾರಿನ ಮೊದಲ ಕಂತು ಎಲ್ಲವೂ ಅಂಥ ಚೀಲಗಳಿಂದ ಬಂದದ್ದು.

ಹೆದರಿ ಓಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇತ್ತು, ನಿಜ. ಆದರೆ ಆ ಕ್ಷಣ ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು. ನನ್ನ ಓಟಕ್ಕೆ ಅಡ್ಡ ಬಂದನಲ್ಲ ಎಂಬ ಸಿಟ್ಟು. ಅದನ್ನು ಒಪ್ಪಿಕೊಳ್ಳಲು ಈ ಬರಹದವರೆಗೆ ಕಾಯಬೇಕಾಯಿತು.

ಮುಂದಿನ ನಾಲ್ಕು ದಿನ ಬೆಳಗ್ಗೆ ಮಾರುಕಟ್ಟೆಗೆ ಹೋಗಿ ಗೇಟಿನ ಹತ್ತಿರ ನಿಂತೆ. ಆತನ ಮುಖ ನಾನು ನೋಡಿರಲಿಲ್ಲ. ಬೆನ್ನು, ಬಿಳಿ ಅಂಗಿ, ಹಸಿರು ಮೊಪೆಡ್ ಅಷ್ಟೇ. ಅಂಥವು ಗಂಟೆಗೆ ಹತ್ತಾರು ಒಳಗೆ ಹೋದವು. ಇಬ್ಬರನ್ನು ತಡೆದು ಕೇಳಿದೆ. ಅವರಲ್ಲ. ಐದನೇ ದಿನ ಹೋಗಲಿಲ್ಲ.

ಅಪ್ಪನಿಗೆ ಹೇಳಿದ್ದು ತಿಂಗಳ ಮೇಲೆ. ಚರಕದ ಮುಂದೆ ಕೂತಿದ್ದರು. ಬಿಸಿನೀರಿನಲ್ಲಿ ಗೂಡು ತೇಲುತ್ತಿದ್ದವು. ತಲೆ ಎತ್ತದೆ ಕೇಳಿಸಿಕೊಂಡರು. ಬಹಳ ಹೊತ್ತಿನ ಮೇಲೆ, "ಯಾವೂರ್ನೋನೋ ಏನೋ" ಅಂದರು. ಅಷ್ಟೇ. ಎಳೆ ಕಡಿದಿತ್ತು, ಹುಡುಕಿ, ಬೆರಳಲ್ಲಿ ಎತ್ತಿ, ಮತ್ತೆ ಕೂಡಿಸಿದರು.

ಹಳೆಯ ಕ್ಯಾಮ್ ಗ್ಯಾರೇಜಿನ ಅಟ್ಟದ ಮೇಲೆ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ವಾಪಸ್ ಹಾಕಿಸಿದೆ. ಬ್ರೇಕ್ ಪ್ಯಾಡು, ಹೋಸು, ನಾಲ್ಕು ಟೈರು ಬದಲಾದವು. ಚನ್ನಪಟ್ಟಣದಲ್ಲಿ ಆಲೆ ಮರಕ್ಕೆ ಅರಗು ಹಾಕಿಸಿ ಮಾಡಿಸಿಕೊಂಡ ಕೆಂಪು ಗೇರ್ ನಾಬು ಒಂದೇ ಈಗ ಆ ಗಾಡಿಯಲ್ಲಿ ಕಂಪನಿಯದಲ್ಲದ್ದು. ಕನಕಪುರ ರಸ್ತೆಯಲ್ಲಿ ಆ ತಿರುವು ಬಂದಾಗ ಎರಡನೇ ಗೇರಿಗೆ ಇಳಿಸುತ್ತೇನೆ. ದಾಟಿದ ಮೇಲೆ ಕನ್ನಡಿಯಲ್ಲಿ ಎಡಗಡೆಯ ಮಣ್ಣು ನೋಡುತ್ತೇನೆ.